ಮೊದಲ ಬೆಂಚಿನ ಉತ್ತರ

ಹನ್ನೊಂದನೆಯ ಹಾಳೆಯಲ್ಲೂ ಅದೇ ಇತ್ತು: ನಿದ್ರೆ ಬರುವುದಿಲ್ಲ, ಊಟ ಸೇರುವುದಿಲ್ಲ, ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಹನ್ನೆರಡು, ಹದಿಮೂರು, ಹದಿನಾಲ್ಕು... ಕೈಬರಹ ಬೇರೆ ಬೇರೆ, ಮಾತು ಮಾತ್ರ ಒಂದೇ. ಸಾಗರದ ನಮ್ಮ ಡಿಗ್ರಿ ಕಾಲೇಜಿನಲ್ಲಿ ಖಿನ್ನತೆಯ ಬಗ್ಗೆ ಮೇಡಂ ಹಂಚಿದ್ದ, ಹೆಸರು ಬರೆಯಬೇಕಿಲ್ಲದ ಪ್ರಶ್ನಾವಳಿ ಅದು. ಹಾಳೆ ಎಣಿಸುವ ಕೆಲಸ ನನ್ನದು.

ಹಿಂದಿನ ಬೆಂಚಿನ ಮಧುವನ್ನು ಹಿಡಿದು ಕೇಳಿದೆ.

"ಸರಿ ಉತ್ರ ಯಾವ್ದು ಅಂತ ಯಾರಿಗ್ ಗೊತ್ತಿತ್ತು ಮಾರಾಯ? ಮುಂದಿನವ್ರದ್ದು ನೋಡಿ ಬರ್ದೆ. ಅವ್ರೂ ಹಂಗೇ ಬರ್ದಿದ್ದು. ಇಂಟರ್ನಲ್ಸಲ್ಲಿ ನೀನ್ ಮಾಡಲ್ವಾ?"

ಇಂಥ ಸಮೀಕ್ಷೆಗಳೆಲ್ಲ ಬೊಗಳೆ ಎಂದು ವಾದಿಸುತ್ತಿದ್ದ ನನಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ? ನಗಲು ಹೊರಟವನಿಗೆ ಒಂದು ಪ್ರಶ್ನೆ ಅಡ್ಡ ಬಂತು: ಹಾಗಾದರೆ ಮೊದಲ ಬೆಂಚಿನವರು ಯಾರದ್ದು ನೋಡಿದರು?

ಅಲ್ಲಿ ಕೂರುವುದು ಒಬ್ಬಳೇ, ತರಗತಿಗೇ ಹೆಚ್ಚು ಅಂಕ ತೆಗೆಯುವವಳು. ಗೆಳತಿಯರ ನಡುವೆ ಜೋರಾಗಿ ನಗುತ್ತಿದ್ದವಳನ್ನು ಪಕ್ಕಕ್ಕೆ ಕರೆದು, "ನೀನ್ ಯಾರದ್ದು ನೋಡಿ ಬರ್ದಿದ್ದು ಮಾರಾಯ್ತಿ?" ಎಂದೆ. ನಗು ಮುಖದಲ್ಲೇ ಉಳಿದಿತ್ತು, ಕಣ್ಣಲ್ಲಿ ಮಾತ್ರ ನಗುವಿರಲಿಲ್ಲ.

"ನನ್ ಮುಂದೆ ಯಾರೂ ಇರ್ಲಿಲ್ವಲ್ಲ."

ಅಂದೇ ಮೇಡಂ ಜೊತೆಗೂಡಿ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ಈಗ ಚಿಕಿತ್ಸೆಯಲ್ಲಿದ್ದಾಳೆ; ಇದನ್ನು ಬರೆ ಎಂದವಳೂ ಅವಳೇ. ಇಡೀ ತರಗತಿ ಅವಳ ಮಾತನ್ನು ಒಂದಕ್ಷರ ಬಿಡದೆ ನಕಲು ಮಾಡಿತ್ತು, ಒಬ್ಬರೂ ಓದಿರಲಿಲ್ಲ.