ಸವಣೂರಿನಿಂದ ಕೋರ್ಟಿಗೆ ನಡೆದು ಹೋದದ್ದು

ನಮ್ಮ ಮನೆಯವರ ಬಲಗಾಲು ಅವರ ಮಾತು ಕೇಳುವುದನ್ನು ಬಿಟ್ಟಿದೆ ಎಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಊಟ ಬಡಿಸುವಾಗ. ಎದುರಿನ ರಸ್ತೆಯಲ್ಲಿ ಯಾವುದೋ ಲಾರಿ ಬುಸ್ಸೆಂದು ಬ್ರೇಕ್ ಹಾಕಿತು. ಮೇಜಿನಡಿಯಲ್ಲಿ ಇವರ ಬಲಪಾದ ನೆಲವನ್ನು ಒತ್ತಿತು. ಒತ್ತಿದ್ದೆಂದರೆ ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು. ಮುಖದಲ್ಲಿ ಮಾತ್ರ ಏನೂ ಇಲ್ಲ.

"ಎಂತ ಆಯ್ತು?" ಎಂದೆ.

"ಎಂತ ಇಲ್ಲ. ಸಾರು ಹಾಕು."

ಇಪ್ಪತ್ತು ವರ್ಷಕ್ಕೂ ಮೇಲೆ ಇವರು ಸವಣೂರಿನಲ್ಲಿ ಬಾಡಿಗೆ ಕಾರು ಓಡಿಸಿದವರು. ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು, ಮದುಮಕ್ಕಳನ್ನು ಪುತ್ತೂರಿಗೆ ಮುಟ್ಟಿಸಿದವರು. ಹೋದ ವರ್ಷ ನೆಲ್ಯಾಡಿ ಕಳೆದ ಮೇಲಿನ ತಿರುವಿನಲ್ಲಿ, ಇನ್ನೊಂದನ್ನು ಹಿಂದಿಕ್ಕಲು ಹೋದ ಲಾರಿ ಇವರ ಬದಿಗೇ ಬಂತು. ಕಾರಿನ ಮೂತಿ ಮಡಚಿ ಹೋಯಿತು. ಇವರಿಗೆ ಹೆಗಲ ಎಲುಬು, ಎರಡು ಪಕ್ಕೆಲುಬು ಮುರಿಯಿತು. ಮೂರು ತಿಂಗಳಲ್ಲಿ ಎಲ್ಲ ಕೂಡಿತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇವರು ಯಾವ ವಾಹನಕ್ಕೂ ಹತ್ತಲಿಲ್ಲ. ಬಸ್ಸಲ್ಲಿ ರಶ್ ಎಂದರು, ಸೊಂಟ ಹಿಡಿಯುತ್ತದೆ ಎಂದರು, ನಡೆದರೆ ಶುಗರ್ ಇಳಿಯುತ್ತದೆ ಎಂದರು. ಒಂದೊಂದನ್ನೂ ನಾನು ಒಂದೊಂದು ವಾರ ನಂಬಿದೆ.

ಪರಿಹಾರದ ಕೇಸು ಪುತ್ತೂರಿನಲ್ಲಿ. ಫೈಲು ಹಿಡಿದುಕೊಂಡು ಬಸ್ಸಿನಲ್ಲಿ ನಾನೇ ವಕೀಲರಲ್ಲಿಗೆ ಹೋದೆ. ಅವರು ಆಸ್ಪತ್ರೆಯ ಕಾಗದ ಮಗುಚುತ್ತಾ ಹೋಗಿ ತಲೆಗೆ ಕೈ ಇಟ್ಟುಕೊಂಡರು.

"ಇದೆಂತ ಅಕ್ಕ? ದಿನಾ 'ಏನೂ ತೊಂದರೆ ಇಲ್ಲ' ಅಂತ ಬರೆದಿದ್ದಾರಲ್ಲ!"

"ಡಾಕ್ಟ್ರು ಬಂದು ಹೇಗುಂಟು ಅಂತ ಕೇಳ್ತಾರೆ. ಬೆಳಗ್ಗಿಂದ ನಿಂತೇ ಇರ್ತಾರೆ ಪಾಪ. ಹುಷಾರುಂಟು ಅಂತ ಹೇಳುದು."

"ನಮ್ಮ ಊರಿನವ್ರು ಐಸಿಯುನಲ್ಲಿ ಮಲಗಿಯೂ ಡಾಕ್ಟ್ರ ಹತ್ರ ಊಟ ಆಯ್ತಾ ಅಂತ ಕೇಳುವವ್ರು ಮಾರಾಯ್ರೆ!"

ನಗು ಬಂತು, ನಾಚಿಕೆಯೂ ಆಯಿತು. ಮಂಚದ ಪಕ್ಕ ನಿಂತು ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು. ಬಂದವರಿಗೆ ಬೆಲ್ಲ ನೀರು ಕೊಟ್ಟ ಹಾಗೆ, ಕೇಳಿದವರಿಗೆ ಹುಷಾರುಂಟು ಎನ್ನುವುದು ನಮ್ಮಲ್ಲಿ ಸುಳ್ಳಲ್ಲ, ಮರ್ಯಾದೆ.

ಇವರು ವಾಹನ ಹತ್ತದ್ದನ್ನು, ಊಟದ ಹೊತ್ತಿನ ಆ ಕಾಲಿನ ಸಂಗತಿಯನ್ನು ನಾನು ಹೇಳಿದ ಮೇಲೆ ವಕೀಲರು ಬಿಡಿಸಿ ಹೇಳಿದರು: ಅಪಘಾತದ ಹೆದರಿಕೆಯೂ ಒಂದು ಗಾಯವೇ, ಅದಕ್ಕೆ ಮನಸ್ಸಿನ ಡಾಕ್ಟರಿದ್ದಾರೆ, ಅವರಿಗೆ ತೋರಿಸಿ. ಕಟಕಟೆಯಲ್ಲಿ ನಿಂತು ಇವರೇ ಬಾಯಿಬಿಟ್ಟು ಹೇಳಬೇಕು. ಅಲ್ಲಿಯೂ ಹುಷಾರುಂಟು ಎಂದರೆ ಕೂಡಿದ ಎಲುಬು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೈಬಿಟ್ಟು ಹೋದ ಡ್ರೈವರ್ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

ಮನೆಗೆ ಬಂದು ಹೇಳಿದರೆ ಇವರು ಸಿಡುಕಿದರು. "ನನಗೆಂತ ಮರ್ಲಾ, ಹುಚ್ಚಾ? ಡಾಕ್ಟ್ರೂ ಬೇಡ, ಕಾಟವೂ ಬೇಡ."

ಸಾಕ್ಷಿಯ ದಿನ ಬೆಳಗ್ಗೆ ಆರು ಗಂಟೆಗೆ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಅಂಗಳಕ್ಕಿಳಿದರು. "ನಡೆದೇ ಹೋಗುವ," ಎಂದರು. ನಾನು ನೀರಿನ ಬಾಟಲಿ, ನಾಲ್ಕು ಬಾಳೆಹಣ್ಣು, ಫೈಲು ಚೀಲಕ್ಕೆ ಹಾಕಿ ಹಿಂದೆ ಹೊರಟೆ.

ಆ ರಸ್ತೆಯಲ್ಲಿ ನಾನು ಎಷ್ಟು ಸಲ ಬಸ್ಸಿನಲ್ಲಿ ತೂಕಡಿಸುತ್ತಾ ಹೋಗಿದ್ದೇನೋ. ಆವತ್ತು ಮೊದಲ ಸಲ ಅದರ ಉದ್ದ ಕಂಡಿತು. ಇವರು ಎದುರಿನಿಂದ ವಾಹನ ಬರುವ ಬದಿಯಲ್ಲಿಯೇ ನಡೆದರು. ಒಂದು ಸ್ಕೂಟರ್ ಬಂದರೂ ಸಾಕು, ಹುಲ್ಲಿಗಿಳಿದು ಅದು ದಾಟುವವರೆಗೆ ನಿಲ್ಲುತ್ತಿದ್ದರು. ಮತ್ತೆ ರಸ್ತೆಗೆ ಬರುತ್ತಿದ್ದರು. ಮೊದಮೊದಲು ಎಷ್ಟು ಸಲ ಎಂದು ಎಣಿಸಿದೆ, ಆಮೇಲೆ ಬಿಟ್ಟೆ. ನಡುನಡುವೆ ಅವರೇ ಮಾತಾಡಿದರು. "ಇಲ್ಲಿ ಮೂರನೇ ಗೇರಿಗೆ ಇಳಿಸ್ಬೇಕು." "ಈ ತಿರುವಲ್ಲಿ ಹಾರ್ನ್ ಹಾಕಿದ್ರೆ ಒಂದು ದನ ಎದ್ದು ದಾರಿ ಬಿಡ್ತಿತ್ತು." ಇಡೀ ರಸ್ತೆ ಆ ಮೈಯೊಳಗೆ ಸುತ್ತಿಕೊಂಡು ಕೂತಿತ್ತು. ಅಷ್ಟು ಗೊತ್ತಿರುವ ರಸ್ತೆಗೇ ಅಷ್ಟು ಹೆದರಿಕೆ. ಅಷ್ಟು ಹೆದರಿಕೆ ಇಟ್ಟುಕೊಂಡೂ ಒಂದು ಹೆಜ್ಜೆ ಹಿಂದೆ ತಿರುಗಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಜೊತೆಗಿದ್ದೂ ಈ ಮನುಷ್ಯನನ್ನು ನಾನು ಸರಿಯಾಗಿ ನೋಡಿಯೇ ಇಲ್ಲವಲ್ಲ ಎಂದು ಬೆರಗಾಗಿ ಅವರ ಬೆನ್ನನ್ನೇ ನೋಡುತ್ತಾ ನಡೆದೆ.

ಕೋರ್ಟಿನಲ್ಲಿ ಲಾರಿಯ ವಿಮೆಯವರ ಕಡೆಯ ವಕೀಲರು ಸಣ್ಣ ಪ್ರಾಯದವರು, ಮೆತ್ತಗಿನ ಮಾತು.

"ಮೂಳೆ ಕೂಡಿದೆ ಅಲ್ವಾ?"

"ಕೂಡಿದೆ."

"ಏನೂ ತೊಂದರೆ ಇಲ್ಲ ಅಂತ ಆಸ್ಪತ್ರೆಯಲ್ಲಿ ನೀವೇ ಹೇಳಿದ್ದಾ?"

"ಹೌದು, ನಾನೇ."



"ಇವತ್ತು ಸವಣೂರಿನಿಂದ ಹೇಗೆ ಬಂದ್ರಿ? ಬಸ್ಸಲ್ಲಾ, ಕಾರಲ್ಲಾ?"

"ನಡೆದು."

ಕಾಗದ ನೋಡುತ್ತಿದ್ದ ನ್ಯಾಯಾಧೀಶರು ತಲೆ ಎತ್ತಿದರು. "ಅಷ್ಟು ದೂರ? ಯಾಕೆ?"

ಇವರು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಶುಗರಿನ ಸುದ್ದಿ ತೆಗೆಯುತ್ತಾರೆ ಎಂದುಕೊಂಡೆ.

"ಹೆದರಿಕೆ ಆಗ್ತದೆ ಸ್ವಾಮಿ," ಎಂದರು. "ಬಸ್ಸಿನ ಮೆಟ್ಟಿಲಿಗೆ ಕಾಲಿಟ್ರೆ ಆ ಲಾರಿ ಬರ್ತದೆ. ಹೋದ ವರ್ಷದ್ದು ಅಂತ ಇಲ್ಲ, ಈಗ ಬಂದ ಹಾಗೆಯೇ. ಉಸಿರು ಸಿಕ್ಕುದಿಲ್ಲ. ಹೆಂಡ್ತಿಗೂ ಹೇಳ್ಲಿಲ್ಲ. ಎಷ್ಟು ಜನರನ್ನು ಕೂರಿಸಿಕೊಂಡು ಹೋದವ ನಾನು, ಹೇಗೆ ಹೇಳುದು?"

ನ್ಯಾಯಾಧೀಶರು ವಾಕ್ಯ ವಾಕ್ಯವಾಗಿ ಹೇಳಿ ಟೈಪ್ ಮಾಡಿಸಿದರು. ಒಂದು ವರ್ಷ ನನ್ನ ಅಡುಗೆಮನೆಗೂ ಬಾರದ ಮಾತು ಅಕ್ಷರವಾಗುವುದನ್ನು ನಾನು ಹಿಂದಿನ ಬೆಂಚಿನಿಂದ ನೋಡಿದೆ.

"ಡಾಕ್ಟರಿಗೆ ತೋರಿಸಿದ್ದೀರಾ?" ನ್ಯಾಯಾಧೀಶರೇ ಕೇಳಿದರು.

"ಇಲ್ಲ. ತೋರಿಸ್ತೇನೆ."

ಸಹಿ ಹಾಕಲು ಹಾಳೆ ಕೊಟ್ಟಾಗ ಇವರು ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. ಟೈಪಿಸ್ಟ್ ಮೇಡಂ ಪೆನ್ನು ಚಾಚಿ ಕಾಯುತ್ತಿದ್ದರು. ಇವರು ಒಂದು ಕಡೆ ಬೆರಳಿಟ್ಟರು.

"ಮೇಡಂ, ಇಲ್ಲಿ ಸ್ವಲ್ಪ ಹೆದರಿಕೆ ಅಂತ ಬಿದ್ದಿದೆ. ಸ್ವಲ್ಪ ಅಂತ ನಾನು ಹೇಳ್ಲಿಲ್ಲ. ಅದನ್ನು ತೆಗೀರಿ."