ಗೆರೆ ದಾಟಿದ ಮುಖ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋದಾಮಿನ ಗೋಡೆಗೆ ಒರಗಿಸಿದ ಏಣಿಯ ತುದಿಯಲ್ಲಿ ಕ್ಯಾಮೆರಾ ಮಾಮ ತಲೆ ಕೆರೆದುಕೊಳ್ಳುತ್ತಿದ್ದಾರೆ. ಕೊರಳಲ್ಲಿ ಕ್ಯಾಮೆರಾ ಕಂಡದ್ದನ್ನು ತೋರಿಸುವ ಅಂಗೈಯಗಲದ ಪರದೆ, ಬೆರಳ ತುದಿಯಲ್ಲಿ ಫೋಕಸ್ ಹೊಂದಿಸುವ ಲೆನ್ಸಿನ ರಿಂಗ್. ಕೆಳಗೆ ಗೇಟಿನ ಬಳಿ ಅವರ ಹೆಂಡತಿ ಮುಖದ ಮೇಲೆ ಬಿದ್ದ ಕೂದಲು ಸರಿಸಿಕೊಳ್ಳುತ್ತ ನಿಂತಿದ್ದಾರೆ. ಗೋಡೆಯ ಮೇಲಿನ ಈ ಕಾವಲು ಕ್ಯಾಮೆರಾ ಕೂರಿಸಿ ವಾರವೂ ಆಗಿಲ್ಲ, ಗೇಟಲ್ಲಿ ನಿಂತವರ ಮುಖ ರಾತ್ರಿ ಮಂಜು ಮಂಜು ಎಂದು ಮಾಲೀಕರ ದೂರು. ಇಂಥ ದೂರು ಈ ತಿಂಗಳಲ್ಲಿ ಇದೇ ಮೊದಲಲ್ಲ.

ಗೋಡೆಗೆ ಕ್ಯಾಮೆರಾ ಬಡಿಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಫೋಕಸ್ ಕೂರಿಸುವುದು ಬೇರೆಯೇ ವಿದ್ಯೆ. ನಡುಹಗಲಲ್ಲಿ ಎಲ್ಲವೂ ಚೆಂದ, ಕತ್ತಲಾದರೆ ಬಣ್ಣ ಬಯಲು. ಮಬ್ಬು ಬೆಳಕಲ್ಲಿ ಲೆನ್ಸ್ ಪೂರ್ತಿ ಬಾಯಿ ತೆರೆದಿರುತ್ತದೆ, ಆಗ ದೂರದ ಲೆಕ್ಕ ಒಂದಿಷ್ಟು ತಪ್ಪಿದರೂ ಮುಖ ಕಲಸಿಹೋಗುತ್ತದೆ. ಅದಕ್ಕೇ ಮಾಮ ಕೋಳಿ ಕೂಗುವ ಹೊತ್ತಿಗೆ ಏಣಿ ಹತ್ತುವುದು. ಮುಖ ಕಾಣಬೇಕಾದ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಹೆಂಡತಿಯನ್ನು ಅಲ್ಲಿ ನಿಲ್ಲಿಸಿ, ಆ ಮುಖ ನೋಡಿಕೊಂಡೇ ರಿಂಗ್ ತಿರುಗಿಸುವುದು. ಮದುವೆಯಾದಾಗಿನಿಂದ ಇದೇ ಪದ್ಧತಿ. ಓಣಿಯ ಮಕ್ಕಳ ಬಾಯಲ್ಲಿ ಗಂಡ ಕ್ಯಾಮೆರಾ ಮಾಮ, ಹೆಂಡತಿ ಕ್ಯಾಮೆರಾ ಅತ್ತೆ.

"ಇವರು ನನ್ನ ಮುಖ ಎದುರಿಗೆ ನೋಡಿದ್ದಕ್ಕಿಂತ ಈ ಪರದೇಲಿ ನೋಡಿದ್ದೇ ಹೆಚ್ಚು," ಎಂದು ಅತ್ತೆ ಕಾಲೆಳೆಯುತ್ತಾರೆ.

ಮಾಮನಿಗೆ ನಗು ಬರುವುದಿಲ್ಲ. ಕಣ್ಣು ಕೈಕೊಟ್ಟಿತೇ ಎಂಬ ದಿಗಿಲು. ಈ ಕೆಲಸದಲ್ಲಿ ಕಣ್ಣು ಹೋದರೆ ಅನ್ನ ಹೋದಂತೆಯೇ. ಕಣ್ಣಿನ ಡಾಕ್ಟರು ಏನೂ ತೊಂದರೆ ಇಲ್ಲ ಎಂದು ವಾಪಸು ಕಳಿಸಿದ್ದಾರೆ. ಲೆನ್ಸ್ ಬದಲಿಸಿದ್ದಾಯಿತು, ಗಾಜು ಒರೆಸಿದ್ದಾಯಿತು. "ಏಣಿ ಮೇಲಿದ್ದಾಗ ಇವಳ ರೆಪ್ಪೆ ಕೂದಲೂ ಎಣಿಸಬಹುದು. ನಾನು ಮನೆಗೆ ಹೋದ್ಮೇಲೆ ಏನಾಗುತ್ತೋ, ತಲೆಬುಡ ತಿಳೀತಿಲ್ಲ."

ಇವತ್ತೂ ಅದೇ ಕಥೆ. ಎಡಕ್ಕೆ, ಬಲಕ್ಕೆ ಎಂದು ಕೂಗುತ್ತಾರೆ, ರಿಂಗ್ ತಿರುಗಿಸುತ್ತಾರೆ, ಮುಖ ನಿಚ್ಚಳವಾಗುತ್ತದೆ. ಸ್ಕ್ರೂ ಬಿಗಿಯುವ ಮುನ್ನ ಯಾಕೋ ಪರದೆ ಬಿಟ್ಟು ಕೆಳಗೆ ನೋಡುತ್ತಾರೆ. ಗೆರೆ ಎಲ್ಲೋ, ಅತ್ತೆ ಎಲ್ಲೋ! ನಾಲ್ಕು ಹೆಜ್ಜೆ ಮುಂದೆ ಬಂದು, ಕತ್ತು ಚಾಚಿ, ಒಂದು ಕಿವಿಯನ್ನು ಏಣಿಯತ್ತ ತಿರುಗಿಸಿಕೊಂಡು ನಿಂತಿದ್ದಾರೆ. ಮಾಮ ಬೇಕೆಂದೇ ದನಿ ತಗ್ಗಿಸಿ, ಹಿಂದಕ್ಕೆ ಹೋಗು ಎನ್ನುತ್ತಾರೆ. ಅತ್ತೆ ಇನ್ನೊಂದು ಹೆಜ್ಜೆ ಮುಂದಕ್ಕೆ ಬರುತ್ತಾರೆ.

 ಮಾಮ ಇಳಿದು ಬಂದು, ಅವರ ಕಿವಿಯ ಹತ್ತಿರವೇ ನಿಂತು, ಯಾವಾಗಿನಿಂದ ಕಿವಿ ಕೇಳಿಸುತ್ತಿಲ್ಲ ಎಂದು ಕೇಳುತ್ತಾರೆ.

ಅತ್ತೆ ಸೆರಗಿನ ತುದಿ ಸುತ್ತುತ್ತಾರೆ. "ಹೇಳಿದ್ರೆ ಮನೇಲಿ ಕೂರಿಸ್ತೀರಿ ಅಂತ ಸುಮ್ಮನಿದ್ದೆ."

ಕಿವಿ ಡಾಕ್ಟರ ಬಳಿಗೆ ಇವತ್ತೇ ಹೋಗುವುದು ಎಂದು ತೀರ್ಮಾನವಾಗುತ್ತದೆ. ಅದಕ್ಕೂ ಮೊದಲು ಕೆಲಸ ಮುಗಿಯಬೇಕು. ಮತ್ತೆ ಏಣಿ ಹತ್ತಿದ ಮಾಮ ಈಗ ಕೂಗುವುದಿಲ್ಲ, ಅಂಗೈ ಎತ್ತಿ ಹಿಂದಕ್ಕೆ ತಳ್ಳುವಂತೆ ಆಡಿಸುತ್ತಾರೆ. ಅತ್ತೆ ಹಿಂದೆ ಸರಿಯುತ್ತ ಹಿಮ್ಮಡಿಯಲ್ಲೇ ಗೆರೆ ಹುಡುಕಿ ನಿಲ್ಲುತ್ತಾರೆ. ಗೆರೆ ಬಿಟ್ಟು ಮುಂದೆ ಬಂದ ಮುಖಕ್ಕೆ ಫೋಕಸ್ ಕೂರಿಸಿ ಊರಲ್ಲಿ ಇನ್ನೆಷ್ಟು ಗೇಟು ಹೀಗೆ ಮಂಜಾಗಿವೆಯೋ, ಎಲ್ಲವನ್ನೂ ಮತ್ತೆ ಹತ್ತಬೇಕು.

ನೋಡುತ್ತ ನಿಂತಿದ್ದ ಗೇಟು ಕಾಯುವ ತಾತ, ಬೇರೆ ಯಾರನ್ನಾದರೂ ನಿಲ್ಲಿಸಿಕೊಳ್ಳಬಾರದೇ ಎಂದು ಕೇಳುತ್ತಾರೆ.

ಪರದೆಯಿಂದ ಕಣ್ಣು ಕೀಳದೆ ಮಾಮ ಹೇಳುತ್ತಾರೆ, "ಬೇರೆಯವರ ಮುಖ ಸರಿಯಾಗಿ ಬಂದಿದ್ಯೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು? ಇವಳದಾದ್ರೆ ಬಾಯಿಪಾಠ."