ಗುದ್ದಕ್ಕನ ಗೋಡೆ, ನನ್ನ ನಲವತ್ತು ಸಾವಿರ

ಗುದ್ದಕ್ಕ ನನ್ನನ್ನು ಹೊಡೆದದ್ದು ಒಂದೇ ಸಲ. ಆ ಒಂದು ಏಟಿಗೆ ಎಡಗಡೆಯ ದವಡೆ ಹಲ್ಲು ಹೋಯಿತು. ಇನ್ನೂ ಎರಡು ಹೋಗಬೇಕಿತ್ತು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ಉಳಿದ ಹಲ್ಲುಗಳ ಅಭಿಪ್ರಾಯ ಬೇರೆ ಇರಬಹುದು.

ನಮ್ಮದು ತಗಡು ಒತ್ತುವ ಕಾರ್ಖಾನೆ. ಅಲ್ಲಿನ ದೊಡ್ಡ ಪ್ರೆಸ್ಸು ಅವಳದ್ದು. ಪೆಡಲ್ ತುಳಿದರೆ ಆನೆ ತೂಕದ ಕಬ್ಬಿಣ ಬಂದು ಬಡಿಯುತ್ತದೆ, ತಗಡು ಬಾಗಿಲಿನ ಹಿಡಿಕೆಯಾಗುತ್ತದೆ. ನಡುವೆ ಬೆರಳಿದ್ದರೆ ಅದು ಏನೂ ಆಗುವುದಿಲ್ಲ, ಇಲ್ಲವಾಗುತ್ತದೆ.

ಅವಳ ಎಡಗೈಯಲ್ಲಿ ಎರಡೇ ಬೆರಳು. ಹಿಂದಿನ ಕಾರ್ಖಾನೆಯಲ್ಲಿ ಮೇಲಿನ ಕಬ್ಬಿಣವನ್ನು ಹಿಡಿದಿಡುವ ಪಿನ್ನು ಸವೆದಿದೆ ಎಂದು ಇವಳು ಹೇಳಿದರೆ ಅಲ್ಲಿನ ಮೇಸ್ತ್ರಿ ‘ಇನ್ನೊಂದು ದಿನ ನಡೀಲಿ’ ಎಂದನಂತೆ. ಪಿನ್ನು ಮುರಿದು, ಯಾರೂ ತುಳಿಯದೆಯೇ ಕಬ್ಬಿಣ ಇಳಿಯಿತು. ಕೈಗೆ ಬಟ್ಟೆ ಸುತ್ತಿಕೊಂಡವಳು ಬಲಗೈಯಿಂದ ಮೇಸ್ತ್ರಿಯ ಮೂಗು ಮುರಿದು, ಆಮೇಲೆ ಆಸ್ಪತ್ರೆಗೆ ಹೋದಳು. ಗುದ್ದಕ್ಕ ಎಂಬ ಹೆಸರು ಹುಟ್ಟಿದ್ದು ಆ ದಿನ. ಕುಡಿದು ಬಂದು ಕೈ ಎತ್ತಿದ ಗಂಡನ ಭುಜದ ಕೀಲು ತಪ್ಪಿಸಿ, ತಾನೇ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು; ಅವನು ಅಲ್ಲಿಂದಲೇ ನಾಪತ್ತೆ. ಮಗಳ ಮೇಲೆ ಮಾತ್ರ ಒಮ್ಮೆಯೂ ಕೈ ಮಾಡಿದವಳಲ್ಲ. ಇಪ್ಪತ್ತೆರಡರ ಆ ಮಗಳು ಅದೇ ಪ್ರೆಸ್ಸಿಗೆ ತಾಯಿಯ ಪಕ್ಕದಲ್ಲೇ ನಿಂತು, ಒತ್ತಿದ ಹಿಡಿಕೆಗಳನ್ನು ಇಕ್ಕಳದಿಂದ ಹೆಕ್ಕುತ್ತಿದ್ದಳು.

ಪ್ರತಿ ನಲವತ್ತು ಸಾವಿರ ಏಟಿಗೆ ಪಿನ್ನು ಬದಲಿಸಬೇಕು. ಏಟು ಎಣಿಸಿ, ಹೊತ್ತು ಬಂದಾಗ ಪೆಡಲ್ ಸತ್ತುಹೋಗುವಂತೆ ಮಾಡುವುದು ನನ್ನ ಪ್ರೋಗ್ರಾಂ. ಗುದ್ದಕ್ಕ ಅದನ್ನು ನಂಬುತ್ತಿರಲಿಲ್ಲ. ನೂರು ಹಿಡಿಕೆಯ ತಟ್ಟೆ ತುಂಬಿದಾಗಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದಳು.

ಒಂದು ದಿನ ಪ್ರೆಸ್ಸಿನ ಕಂಟ್ರೋಲ್ ಬೋರ್ಡು ಸುಟ್ಟಿತು. ಸ್ಟೋರಿನಲ್ಲಿ ಹಳೆಯದೊಂದಿತ್ತು. ಅದೇ ಪ್ರೋಗ್ರಾಮನ್ನು ನಾನು ಅರ್ಧ ದಿನದಲ್ಲಿ ಅದಕ್ಕೆ ಇಳಿಸಿದೆ. ನಾನು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವ ಕಂಪೈಲರ್ ಮಾತ್ರ ಹಳದಿ ಅಕ್ಷರದಲ್ಲಿ ಗೊಣಗಿತು: ‘ಈ ಹೋಲಿಕೆ ಎಂದಿಗೂ ನಿಜವಾಗದು.’ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಓಡಿತ್ತಲ್ಲ! ಎಚ್ಚರಿಕೆಗಳನ್ನೇ ಆಫ್ ಮಾಡಿ ಚಹಾ ಕುಡಿಯಲು ಹೋದೆ. ಆ ಚಹಾ ತುಂಬ ರುಚಿಯಾಗಿತ್ತು, ಅದಕ್ಕೇ ಹೇಳಿದೆ.

ಹೊಸ ಪಿನ್ನು ಹಾಕಿ, ಬೋರ್ಡಿನಲ್ಲೂ ಗೋಡೆಯಲ್ಲೂ ಎಣಿಕೆ ಸೊನ್ನೆಯಿಂದ ಶುರುವಾಯಿತು. ಒಂಬತ್ತನೆಯ ದಿನ ಗುದ್ದಕ್ಕ ಕೂಗಿದಳು. “ಲೇ ಕೀಬೋರ್ಡ್ ಸಾಹೇಬ, ನಿನ್ನ ಡಬ್ಬಿ ಮೈನಸ್ ತೋರಿಸ್ತಿದೆ ಕಣೋ. ಹೊಡೆದ ಏಟು ವಾಪಸ್ ಹೋಗುತ್ತಾ?”

“ಡಿಸ್ಪ್ಲೇ ಹಳೇದಕ್ಕಾ, ತಲೆ ಕೆಡಿಸ್ಕೋಬೇಡ.”

“ಗೋಡೆ ಪ್ರಕಾರ ನಾಳಿದ್ದು ಪಿನ್ ಬಿಚ್ಚಬೇಕು.”

“ಗೋಡೆ ಯಾವ ಕಾಲೇಜಲ್ಲಿ ಓದಿತ್ತಕ್ಕಾ?” ಎಂದೆ. ಎಲ್ಲರೂ ನಕ್ಕರು. ನಮ್ಮ ಮೇಸ್ತ್ರಿಯೂ ನಕ್ಕು, “ಮೆಷಿನ್ ತಾನಾಗಿ ನಿಲ್ಲೋವರೆಗೂ ಹೊಡೀರಿ” ಎಂದ.

ಗೋಡೆಯ ನಾನೂರು ಗೀಟು ದಾಟಿ ಮೂರು ದಿನವಾಗಿತ್ತು. ಟಣ್ ಎಂದು ಸಣ್ಣದೊಂದು ಸದ್ದು. ನಮಗದು ಕೇಳಿಸಲೇ ಇಲ್ಲ. ಗುದ್ದಕ್ಕನಿಗೆ ಆ ಸದ್ದು ಮೂರು ಬೆರಳಿನ ಪರಿಚಯ. ಬಗ್ಗಿದ್ದ ಮಗಳ ಎದೆಗೆ ಅವಳು ಇದ್ದಬದ್ದ ಶಕ್ತಿಯಿಂದ ಗುದ್ದಿದಳು. ಹುಡುಗಿ ಹಾರಿ ತಟ್ಟೆಗಳ ರಾಶಿಗೆ ಬಿದ್ದಳು. ಕಾಲರ್ ಮೂಳೆ ಲಟಕ್ಕೆಂದಿತು, ಹಣೆ ಒಡೆದು ರಕ್ತ ಸುರಿಯಿತು. ಅವಳ ಕೈಗಳಿದ್ದ ಜಾಗಕ್ಕೆ ಕಬ್ಬಿಣ ಧಡ್ ಎಂದು ಇಳಿಯಿತು. ಇಕ್ಕಳ ಕಾಗದದಂತೆ ಚಪ್ಪಟೆಯಾಯಿತು.

ಗುದ್ದಕ್ಕ ಮಗಳನ್ನು ಆಸ್ಪತ್ರೆಯ ಗಾಡಿ ಹತ್ತಿಸಿ ತಿರುಗಿದಳು. ಮೇಸ್ತ್ರಿ ಕಕ್ಕಸಿಗೆ ಓಡಿ ಚಿಲಕ ಹಾಕಿಕೊಂಡ. ನನಗೆ ಅಷ್ಟು ಬುದ್ಧಿ ಹೊಳೆಯಲಿಲ್ಲ. ಹಲ್ಲು ಹೋದದ್ದು ಆಗ.

ಮಾರನೆಯ ದಿನ, ಊದಿದ ಬಾಯಿಯಲ್ಲೇ ತಪ್ಪೊಪ್ಪಿಕೊಂಡೆ. ನಾನು ಎಣಿಕೆಗೆ ಇಟ್ಟ ಪಾತ್ರೆಯ ಹೆಸರು ‘ಇಂಟ್’. ನನ್ನ ಕಂಪ್ಯೂಟರಿನಲ್ಲಿ ಅದು ಇನ್ನೂರು ಕೋಟಿಯವರೆಗೆ ಹಿಡಿಯುತ್ತದೆ. ಹಳೆಯ ಬೋರ್ಡಿನಲ್ಲಿ ಅದೇ ಹೆಸರಿನ ಪಾತ್ರೆ 32,767ಕ್ಕೆ ತುಂಬಿ, ಮುಂದಿನ ಏಟಿಗೆ ಮೈನಸ್ಸಿಗೆ ಮಗುಚುತ್ತದೆ. ನಲವತ್ತು ಸಾವಿರ ಅಲ್ಲಿ ಬರುವುದೇ ಇಲ್ಲ. ಕಂಪೈಲರ್ ಹೇಳಿದ್ದು ಅದನ್ನೇ.

“ಒಂದೇ ಹೆಸರು, ಎರಡು ಅಳತೆನಾ? ಹಾಗಾದ್ರೆ ಗ್ಯಾರಂಟಿ ಎಷ್ಟಕ್ಕೆ?”

“ಪ್ರೋಗ್ರಾಂ ಬರೆಯೋ ಭಾಷೆ ಮಾತು ಕೊಡೋದು 32,767ರವರೆಗೆ ಅಷ್ಟೇ ಅಕ್ಕಾ. ಅದರ ಮೇಲೆ ಆ ಯಂತ್ರ ಕೊಟ್ಟಷ್ಟು.”

“ಮಾತೇ ಕೊಡದೆ ಇರೋದನ್ನ ನಂಬಿ ನನ್ನ ಮಗಳ ಕೈ ಇಟ್ಟಿದ್ದೆ ನೀನು.”

ಅಲ್ಲೇ ಕೂತು ಎಣಿಕೆಯನ್ನು ‘ಲಾಂಗ್’ ಎಂಬ ಪಾತ್ರೆಗೆ ಬದಲಿಸಿದೆ. ಅದು ಯಾವ ಯಂತ್ರದಲ್ಲಾದರೂ ಇನ್ನೂರು ಕೋಟಿ ಹಿಡಿಯಲೇಬೇಕೆಂದು ನಿಯಮವಿದೆ. ಈ ಸಲ ಎಚ್ಚರಿಕೆಗಳನ್ನು ಆಫ್ ಮಾಡಲಿಲ್ಲ. ಹಳದಿ ಅಕ್ಷರ ಒಂದೂ ಬರಲಿಲ್ಲ.

ಹೊಸ ಪಿನ್ನು ಹಾಕಿ, ಎಣಿಕೆಯನ್ನು 32,765ಕ್ಕೆ ಇಟ್ಟೆ. ಗುದ್ದಕ್ಕ ಐದು ಏಟು ಹೊಡೆದಳು, ಮೈನಸ್ ಬರಲಿಲ್ಲ. ಆಮೇಲೆ 39,997ಕ್ಕೆ ಇಟ್ಟೆ. ಧಡ್. ಧಡ್. ಧಡ್. ಪೆಡಲ್ ಸತ್ತಿತೆಂದು ಹೇಳುವ ಕೆಂಪು ದೀಪ ಹೊತ್ತಿತು. ನಾನು ಗೆದ್ದವನಂತೆ ಸೊಂಟದ ಮೇಲೆ ಕೈ ಇಟ್ಟೆ.

“ಯಾವ ಕೈಲಿ ಟೈಪ್ ಮಾಡ್ತೀಯ?”

“ಎರಡರಲ್ಲೂ, ಅಕ್ಕಾ.”

“ಎರಡೂ ಒಳಗೆ ಇಡು.”

ಇಟ್ಟೆ. ಕೆಳಗಿನ ಕಬ್ಬಿಣ ಮೂರು ಏಟಿನ ಬಿಸಿಯಲ್ಲಿತ್ತು. ನನ್ನ ಹತ್ತು ಬೆರಳುಗಳನ್ನೂ ನಾನು ಅಷ್ಟು ಪ್ರೀತಿಯಿಂದ ಎಂದೂ ನೋಡಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ಪೆಡಲ್ ತುಳಿದಳು. ಮತ್ತೊಮ್ಮೆ ತುಳಿದಳು. ಮೂರನೆಯ ಸಲ ಇಡೀ ಮೈಭಾರ ಹಾಕಿ ನಿಂತಳು.

ಮೇಲಿನ ಕಬ್ಬಿಣ ಅಲುಗಲಿಲ್ಲ.

“ಹೂಂ, ತೆಗಿ,” ಎಂದಳು ಗುದ್ದಕ್ಕ, ಸೀಮೆಸುಣ್ಣ ಹುಡುಕುತ್ತ. “ಮೂಳೆ ಕೂಡಿದ ಮೇಲೆ ಅವಳು ಬರ್ಲಿ.”